ಸೇಫ್ಟಿ ಶೂ ಸಾಕಾ, ರೈಡಿಂಗ್ ಬೂಟೇ ಬೇಕಾ?

ಹೋದ ಸಂಚಿಕೆಯಲ್ಲಿ ಹೆಲ್ಮೆಟ್ ಪಟ್ಟಿ ಬಿಗಿಯುವ ಬಗ್ಗೆ ಬರೆಯುತ್ತಾ ಕೊನೆಗೊಂದು ಸಾಲು ಸೇರಿಸಿದ್ದೆ: ತಲೆಗೆ ಇಷ್ಟೆಲ್ಲ ಮಾಡಿ ಕಾಲಿಗೆ ಮಾತ್ರ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ಬರ್ತೀರಲ್ಲ ಮಾರಾಯ್ರೆ, ಅಂತ. ಹೆಲ್ಮೆಟ್ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ. ಕೆಲವರು ಬೈದಿದ್ದಾರೆ, ಅದು ಇರಲಿ. ಪ್ರಶ್ನೆ ಕೇಳಿದವರಿಗೆ ಈ ಸಲ ಉತ್ತರ: ಮೊದಲು ಪತ್ರ, ಅದರ ಕೆಳಗೆ ನನ್ನ ಮಾತು.

ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದೇನೆ. ಕಂಪನಿ ಕೊಟ್ಟ ಸ್ಟೀಲ್ ಟೋ ಸೇಫ್ಟಿ ಶೂ ಇದೆ, ದಿನಾ ಅದರಲ್ಲೇ ಬೈಕ್ ಓಡಿಸುತ್ತೇನೆ. ಭಾನುವಾರ ಗೆಳೆಯರ ಜೊತೆ ಆಗುಂಬೆ, ಕೊಡಚಾದ್ರಿ ಕಡೆ ಹೋಗುವುದೂ ಉಂಟು. ಅವರೆಲ್ಲ ಎಂಟು–ಹತ್ತು ಸಾವಿರ ಕೊಟ್ಟು ರೈಡಿಂಗ್ ಬೂಟು ತಗೊಂಡಿದ್ದಾರೆ. ನನ್ನ ಶೂಗೆ ಏನು ಕಮ್ಮಿ? ಬಿದ್ದಾಗ ಸ್ಟೀಲ್ ಮಡಚಿಕೊಂಡು ಬೆರಳೇ ಕತ್ತರಿಸುತ್ತದೆ ಅಂತಲೂ ಹೆದರಿಸುತ್ತಿದ್ದಾರೆ.
*– ಓದುಗ, ಭದ್ರಾವತಿ*

ಮೊದಲು ಆ ಹೆದರಿಕೆ ಬಿಡಿ. ನಮ್ಮ ದೇಶದ ಸೇಫ್ಟಿ ಶೂಗಳಿಗೆ ಐಎಸ್ 15298 ಅನ್ನುವ ಮಾನದಂಡವಿದೆ. ಅದರ ಎರಡನೇ ಭಾಗದ ಪ್ರಕಾರ ಬೆರಳಿನ ಟೋಪಿ 200 ಜೂಲ್‌ ಹೊಡೆತ ತಡೆಯಬೇಕು, 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ಭಾರದ ಒತ್ತಡಕ್ಕೂ ಜಗ್ಗಬಾರದು. ಇಪ್ಪತ್ತು ಕೆಜಿಯ ಕಬ್ಬಿಣದ ತುಂಡು ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದಿಂದ ಬೆರಳ ಮೇಲೆ ಬಿದ್ದರೆ ಆಗುವಷ್ಟು ಹೊಡೆತ ಅದು. ಇಂಥ ಟೋಪಿಯೇ ಮಡಚಿಕೊಳ್ಳುವಷ್ಟು ಭಾರ ಬಿದ್ದರೆ, ಟೋಪಿ ಇಲ್ಲದ ಬೆರಳಿನ ಗತಿ ಏನಾಗುತ್ತಿತ್ತು ಅಂತ ನಿಮ್ಮ ಗೆಳೆಯರನ್ನೇ ಕೇಳಿ.

ಆದರೆ ನಿಮ್ಮ ಶೂ ಮಾಡಿರುವುದು ಮೇಲಿನಿಂದ ಬೀಳುವ ವಸ್ತುವಿಗೆ. ಬೈಕಿನಿಂದ ಬಿದ್ದಾಗ ಪೆಟ್ಟು ಬರುವ ದಿಕ್ಕೇ ಬೇರೆ. ಬೈಕು ಪಕ್ಕಕ್ಕೆ ಮಲಗುತ್ತದೆ, ಪಾದ ಅದರ ಕೆಳಗೆ. ಸ್ಪ್ಲೆಂಡರ್ ಆದರೆ 112 ಕೆಜಿ, ಈಗಿನ ಬುಲೆಟ್ 350 ಆದರೆ 195 ಕೆಜಿ. ಕೆಳಗೆ ರಸ್ತೆ, ಮೇಲೆ ಫುಟ್‌ರೆಸ್ಟು ಅಥವಾ ಎಂಜಿನ್ ಕವರು, ನಡುವೆ ಸಿಕ್ಕಿಕೊಳ್ಳುವುದು ಗಿಣ್ಣು, ಅಂದರೆ ಪಾದದ ಮೇಲಿನ ಕೀಲು. ಬೈಕು ಸ್ವಲ್ಪ ದೂರ ಜಾರಿತೆಂದರೆ ಗಿಣ್ಣಿನ ಹೊರಮೂಳೆ ರಸ್ತೆಗೆ ತೇಯುತ್ತದೆ, ಪಾದ ಒಂದು ಕಡೆ ಕಾಲು ಒಂದು ಕಡೆ ತಿರುಚುತ್ತದೆ.

ನಮ್ಮ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಲಗೆಯ ಪಕ್ಕ ಎಡಗಾಲಿನ ಒಂದು ಬೂಟು ನೇತುಹಾಕಿದ್ದೇನೆ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಹತ್ತಿರ ತಿರುವಿನ ಮರಳಿನ ಮೇಲೆ ಜಾರಿ ಎಡಕ್ಕೆ ಮಲಗಿದ ಗಿರಾಕಿಯೊಬ್ಬರದು. ಬೆರಳಿನ ಭಾಗದಲ್ಲಿ ಪಾಲಿಶ್ ಕೂಡ ಹೋಗಿಲ್ಲ. ಹೊರಮಗ್ಗುಲಲ್ಲಿ, ಗಿಣ್ಣಿನ ಮೂಳೆ ಕೂರುವ ಕಡೆ, ಅಂಗೈಯ ಅರ್ಧದಷ್ಟು ಜಾಗದಲ್ಲಿ ಚರ್ಮ ತೇದುಹೋಗಿ ಒಳಗಿನ ಪ್ಲಾಸ್ಟಿಕ್ ಬಟ್ಟಲು ಕಾಣುತ್ತಿದೆ. ಬಟ್ಟಲಿನ ಮೇಲೂ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಹಿಮ್ಮಡಿಯ ಮೇಲಿನ ಎರಡು ಸಾಲು ಹೊಲಿಗೆಯಲ್ಲಿ ಹೊರಗಿನದು ಪೂರ್ತಿ ತೇದಿದೆ, ಒಳಗಿನದು ಹಿಡಿದುಕೊಂಡಿದೆ. ಬೂಟು ತಗೊಳ್ಳಬೇಕಾ ಅಂತ ಕೇಳಿಕೊಂಡು ಬರುವವರ ಕೈಗೆ ಮೊದಲು ಅದನ್ನೇ ಕೊಡುತ್ತೇನೆ. ಬೆರಳಿನ ಭಾಗವನ್ನೂ ಗಿಣ್ಣಿನ ಭಾಗವನ್ನೂ ಒಮ್ಮೆ ಸವರಿ ನೋಡಿದ ಮೇಲೆ ನಾನು ಹೆಚ್ಚು ಮಾತಾಡುವ ಅಗತ್ಯ ಬೀಳುವುದಿಲ್ಲ.

ಯುರೋಪಿನಲ್ಲಿ ಬೈಕಿನ ಬೂಟಿಗೆಂದೇ ಇಎನ್ 13634 ಎಂಬ ಮಾನದಂಡವಿದೆ. ಇಲ್ಲಿ ಮಾರುವ ಒಳ್ಳೆಯ ಬೂಟುಗಳಲ್ಲೂ, ನಾಲಿಗೆಯ ಒಳಗಡೆ ಅಥವಾ ಮೇಲಂಚಿನಲ್ಲಿ, ಅದರ ಚೀಟಿ ಹೊಲಿದಿರುತ್ತಾರೆ. ಬೈಕ್ ಸವಾರನ ಪುಟ್ಟ ಚಿತ್ರ, ಅದರ ಜೊತೆ ನಾಲ್ಕು ಅಂಕಿ. ಪ್ರತಿಯೊಂದೂ 1 ಅಥವಾ 2 ಇರುತ್ತದೆ, 2 ಹೆಚ್ಚು ಗಟ್ಟಿ. ಮೊದಲ ಅಂಕಿ ಬೂಟಿನ ಎತ್ತರಕ್ಕೆ, ಎರಡನೆಯದು ರಸ್ತೆಗೆ ತೇಯುವುದನ್ನು ತಡೆಯುವ ಶಕ್ತಿಗೆ, ಮೂರನೆಯದು ಚೂಪು ಅಂಚು ಬಡಿದರೆ ಸೀಳದೆ ಇರುವುದಕ್ಕೆ. ನಾಲ್ಕನೆಯದು ಬೂಟನ್ನು ಎರಡೂ ಮಗ್ಗುಲಿನಿಂದ ಅದುಮಿದಾಗ ಅಪ್ಪಚ್ಚಿಯಾಗದೆ ನಿಲ್ಲುವ ಬಿಗಿಗೆ. ನಿಮ್ಮ ಸೇಫ್ಟಿ ಶೂ ಈ ನಾಲ್ಕರಲ್ಲಿ ಯಾವ ಪರೀಕ್ಷೆಗೂ ಕೂತಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಅಂಗಡಿಯವರು ಇದನ್ನು ಹೇಳುವುದು ಕಮ್ಮಿ. ನಾಲ್ಕು ಅಂಕಿ ಇದ್ದ ಮಾತ್ರಕ್ಕೆ ಗಿಣ್ಣಿಗೆ ಬೀಳುವ ಪೆಟ್ಟಿನಿಂದ ರಕ್ಷಣೆ ಇದೆ ಅಂತ ಆಗುವುದಿಲ್ಲ. ಆ ಪರೀಕ್ಷೆ ಐಚ್ಛಿಕ. ಅದನ್ನೂ ಪಾಸಾದ ಬೂಟಿನ ಚೀಟಿಯಲ್ಲಿ ಐಪಿಎ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಗೆ ರಕ್ಷಣೆ ಇದ್ದರೆ ಐಪಿಎಸ್, ನೀರು ತಡೆದರೆ ಡಬ್ಲ್ಯುಆರ್. ನನ್ನ ಮಟ್ಟಿಗೆ ಎತ್ತರದಲ್ಲಿ 2 ಇದ್ದು ಐಪಿಎ ಇಲ್ಲದ ಬೂಟಿಗಿಂತ, ಎಲ್ಲದರಲ್ಲೂ 1 ಇದ್ದು ಐಪಿಎ ಇರುವ ಮೋಟು ಬೂಟೇ ಮೇಲು. ಪೆಟ್ಟಿಗೆಯ ಮೇಲೆ ಬರೀ ಸಿಇ ಅಂತ, ಅಂದರೆ ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಗುರುತಿನ, ಸ್ಟಿಕ್ಕರ್ ಅಂಟಿಸಿ, ಬೂಟಿನೊಳಗೆ ಯಾವ ಚೀಟಿಯೂ ಇಲ್ಲದಿದ್ದರೆ ಆ ಸ್ಟಿಕ್ಕರಿಗೆ ಬೆಲೆ ಕೊಡಬೇಡಿ.

ಚೀಟಿ ಇಲ್ಲದ ಬೂಟನ್ನೂ ಕೈಯಲ್ಲೇ ಒಂದಷ್ಟು ಪರೀಕ್ಷೆ ಮಾಡಬಹುದು. ಪಾದದ ಅಗಲ ಜಾಸ್ತಿ ಇರುವ ಕಡೆ ಅಟ್ಟೆಯ ಎರಡೂ ಅಂಚನ್ನು ಅಂಗೈಗಳ ನಡುವೆ ಇಟ್ಟು ಒತ್ತಿ. ಸುಲಭವಾಗಿ ಒಳಕ್ಕೆ ಬಂದರೆ ಬೈಕಿನ ಭಾರಕ್ಕೂ ಬರುತ್ತದೆ. ಮುಂಭಾಗ ಒಂದು ಕೈಯಲ್ಲಿ, ಹಿಮ್ಮಡಿ ಇನ್ನೊಂದರಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ. ಅರ್ಧ ಸುತ್ತು ತಿರುಗುವ ಬೂಟು ವಾಕಿಂಗಿಗೆ ಚಂದ, ಬೈಕಿಗೆ ಬೇಡ. ಗಿಣ್ಣಿನ ಜಾಗಕ್ಕೆ ಹೆಬ್ಬೆರಳು ಒತ್ತಿದಾಗ ಗಟ್ಟಿ ಬಟ್ಟಲು ಸಿಗಬೇಕು. ಬರೀ ಸ್ಪಂಜು ಸಿಕ್ಕರೆ ಅದು ಅಲಂಕಾರಕ್ಕೆ ಇಟ್ಟದ್ದು. ಕೊನೆಗೆ ಬೂಟು ಹಾಕಿ, ಲೇಸು ಕಟ್ಟಿ, ಕೂತು ಕಾಲು ಚಾಚಿ, ಜೊತೆಗೆ ಬಂದವರಿಗೆ ಹಿಮ್ಮಡಿ ಹಿಡಿದು ಎಳೆಯಲು ಹೇಳಿ. ಕಳಚಿ ಬಂದರೆ ಅಲ್ಲೇ ಬಿಟ್ಟು ಬನ್ನಿ. ರಸ್ತೆಯಲ್ಲಿ ಮೊದಲ ಪೆಟ್ಟಿಗೇ ಹಾರಿಹೋಗುವ ಬೂಟು ಎಷ್ಟು ಗಟ್ಟಿ ಇದ್ದರೇನು?

ಈಗ ನಿಮ್ಮ ಪ್ರಶ್ನೆಗೆ. ಭದ್ರಾವತಿಯಿಂದ ಮಾಚೇನಹಳ್ಳಿಗೆ ಹೋಗಿಬರಲು ಸೇಫ್ಟಿ ಶೂ ಧಾರಾಳವಾಗಿ ಬಳಸಿ, ಗಿಣ್ಣು ಮುಚ್ಚುವ ಎತ್ತರದ ಮಾದರಿ ಆದರೆ ಇನ್ನೂ ಒಳ್ಳೆಯದು. ಚಪ್ಪಲಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಗೇರ್ ಎತ್ತುವಾಗ ಟೋಪಿಯ ಹಿಂದಿನ ಅಂಚು ಬೆರಳ ಬುಡಕ್ಕೆ ಒತ್ತುತ್ತಿದ್ದರೆ ಒಂದು ಸೈಜು ದೊಡ್ಡದು ಕೇಳಿ. ಘಾಟಿಗೆ ಹೋಗುವವರು ನೀವು, ಆದ್ದರಿಂದ ಮುಂದಿನ ಬೋನಸ್ಸಿನಲ್ಲಿ ಗಿಣ್ಣಿಗೆ ಬಟ್ಟಲಿರುವ ಬೂಟೊಂದು ತಗೊಳ್ಳಿ. ಹತ್ತು ಸಾವಿರವೇ ಆಗಬೇಕೆಂದಿಲ್ಲ. ನಮ್ಮ ದೇಶದಲ್ಲೇ ಮಾಡುವ ಒರಾಜೋ, ಕ್ಲ್ಯಾನ್‌ನಂಥ ಬೂಟುಗಳಲ್ಲಿ ಗಿಡ್ಡ ಮಾದರಿಗಳೂ ಇವೆ. ಹೆಸರು ಹೇಳಿದೆ ಅಂತ ಅದನ್ನೇ ತಗೊಳ್ಳಿ ಅಂತಲ್ಲ. ಮೇಲೆ ಹೇಳಿದ ಪರೀಕ್ಷೆ ಅದಕ್ಕೂ ಮಾಡಿ.

ನಗರ ಹೋಬಳಿಯಲ್ಲಿ ಅಡಿಕೆ ತೋಟ. ಮಳೆಗಾಲ ಪೂರ್ತಿ ಗಂಬೂಟಿನಲ್ಲೇ ಇರುತ್ತೇವೆ. ಪೇಟೆಗೆ ಹೋಗುವಾಗಲೂ ಬಿಚ್ಚದೆ ಬೈಕ್ ಹತ್ತುತ್ತೇನೆ. ಮೊಣಕಾಲವರೆಗೆ ಬರುತ್ತದೆ, ಒಂದು ಹನಿ ನೀರು ಹೋಗುವುದಿಲ್ಲ. ನಿಮ್ಮ ರೈಡಿಂಗ್ ಬೂಟಿಗಿಂತ ನನ್ನ ಗಂಬೂಟು ಯಾವುದರಲ್ಲಿ ಕಮ್ಮಿ ಹೇಳಿ ನೋಡುವ.
*– ಕೃಷಿಕರು, ಹೊಸನಗರ ತಾಲ್ಲೂಕು*

ತೋಟದೊಳಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ರಾಯರೇ. ಹಾವಿಗೆ, ಇಂಬಳಕ್ಕೆ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವಾಗ ಕಾಲ ಮೇಲೆ ಸೋರುವ ಮೈಲುತುತ್ತದ ನೀರಿಗೆ ಅದೇ ಸರಿ. ಬೈಕಿನ ಮೇಲೆ ಮಾತ್ರ ಬೇಡ.

ನೀವೇ ಒಮ್ಮೆ ಗಮನಿಸಿ. ಎರಡನೇ ಗೇರಿಗೆ ಎತ್ತಲು ಪಾದ ಮೇಲೆತ್ತುತ್ತೀರಿ. ಮೊದಲು ಬೂಟಿನೊಳಗೆ ಹಿಮ್ಮಡಿ ಏಳುತ್ತದೆ, ಒಂದು ಗಳಿಗೆ ಬಿಟ್ಟು ಬೂಟು ಏಳುತ್ತದೆ, ಆಮೇಲೆ ಲಿವರ್. ಗಂಬೂಟು ಕಾಲಿಗೆ ಕಟ್ಟಿಕೊಂಡದ್ದಲ್ಲ, ಕಾಲು ಅದರೊಳಗೆ ಇಳಿಬಿಟ್ಟದ್ದು. ಬ್ರೇಕ್ ಒತ್ತುವಾಗಲೂ ಹೀಗೇ, ಎಷ್ಟು ಒತ್ತಿದಿರಿ ಅನ್ನುವುದು ಪಾದಕ್ಕೆ ಗೊತ್ತಾಗುವುದಿಲ್ಲ. ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ, ರಸ್ತೆಯಂಚಿಗೆ ಹಾವಸೆ ಕಟ್ಟಿರುವಾಗ, ಹಿಂದಿನ ಚಕ್ರ ಲಾಕ್ ಆಗುವುದಕ್ಕೆ ಅಷ್ಟು ಸಾಕು. ಒದ್ದೆ ಫುಟ್‌ರೆಸ್ಟಿನ ಮೇಲೆ ಸವೆದ ಪಿವಿಸಿ ಅಟ್ಟೆ ನಿಲ್ಲುವುದೂ ಕಷ್ಟ. ಬಿದ್ದರೆ ಬೂಟು ಕಳಚಿ ಹಾರುತ್ತದೆ. ಹಾರದಿದ್ದರೂ ಗಿಣ್ಣಿಗೆ ಆಸರೆ ಕೊಡುವ ಯಾವುದೂ ಅದರಲ್ಲಿಲ್ಲ. ಇನ್ನು ಒಂದು ಹನಿಯೂ ಹೋಗುವುದಿಲ್ಲ ಅಂದಿರಿ. ಕೂತಾಗ ಪ್ಯಾಂಟು ಮೊಣಕಾಲಿನಿಂದ ಇಳಿಸುವ ನೀರೆಲ್ಲ ಎಲ್ಲಿ ಹೋಗುತ್ತದೆ? ಮನೆ ಜಗಲಿಯಲ್ಲಿ ಬೂಟು ತಲೆಕೆಳಗೆ ಮಾಡಿದಾಗ ಸುರಿಯುವುದು ಏನು?

ಗಂಬೂಟನ್ನು ಗೊಬ್ಬರದ ಚೀಲಕ್ಕೆ ಹಾಕಿ ಹಿಂದೆ ಕಟ್ಟಿ. ಬೈಕಿನ ಹತ್ತಿರ ಗಿಣ್ಣು ಮುಚ್ಚುವ, ಬಿಗಿಯಾಗಿ ಕಟ್ಟುವ ಒಂದು ಜೊತೆ ಇಡಿ, ಒದ್ದೆಯಾದರೆ ಆಗಲಿ. ಪೇಟೆಗೆ ಹೋಗುವ ಅರ್ಧ ಗಂಟೆ ಕಾಲು ಒದ್ದೆ ಇದ್ದರೆ ಏನೂ ಆಗುವುದಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಾಗರದಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಒಣಗುವುದೇ ಇಲ್ಲ, ಬೂಸ್ಟು ಬರುತ್ತದೆ. ವಾಟರ್‌ಪ್ರೂಫ್ ಬೂಟು ತಗೊಂಡರೆ ಪರಿಹಾರವಾಗುತ್ತದಾ? ಕ್ಲಾಸಿನಲ್ಲೂ ಹಾಕಿಕೊಳ್ಳುವಂತಿರಬೇಕು, ಸೀರೆ–ಚೂಡಿದಾರ್ ಎರಡಕ್ಕೂ.
*– ಉಪನ್ಯಾಸಕಿ, ಸಾಗರ*

ಮೇಡಂ, ಮೊದಲು ಕೊನೆಯ ಮಾತಿಗೆ ಉತ್ತರ. ಕ್ಲಾಸಿಗೂ ಸ್ಕೂಟರಿಗೂ ಒಂದೇ ಜೊತೆ ಹುಡುಕಲು ಹೋದರೆ ಎರಡಕ್ಕೂ ಆಗದ್ದು ಸಿಗುತ್ತದೆ. ಸ್ಕೂಟರಿನ ಡಿಕ್ಕಿ ಇರುವುದೇ ಇದಕ್ಕೆ. ಚಪ್ಪಲಿ ಅದರೊಳಗೆ ಇರಲಿ, ಓಡಿಸುವಾಗ ಬೂಟು, ಸ್ಟಾಫ್ ರೂಮಿನಲ್ಲಿ ಬದಲಾಯಿಸಿ. ಸ್ಕೂಟರಿನಲ್ಲಿ ಗೇರ್ ಲಿವರ್ ಇಲ್ಲ, ಹಾಗಾಗಿ ಬೆರಳಿನ ಕಡೆ ದಪ್ಪ ಇದ್ದರೂ ತೊಂದರೆ ಇಲ್ಲ. ಆದರೆ ಸ್ಕೂಟರ್ ಓಡಿಸುವವರಿಗೆ ಬ್ಯಾಲೆನ್ಸ್ ತಪ್ಪಿದ ಕೂಡಲೇ ಕಾಲು ಕೆಳಗೆ ಕೊಡುವ ಅಭ್ಯಾಸ, ಉಳುಕುವುದು ಆಗಲೇ. ಗಿಣ್ಣು ಮುಚ್ಚುವ ಶೂ ಆಕಾರದ ರೈಡಿಂಗ್ ಬೂಟುಗಳು ಸಿಗುತ್ತವೆ, ದೂರದಿಂದ ನೋಡಿದರೆ ಸಾಮಾನ್ಯ ಕ್ಯಾನ್ವಾಸ್ ಶೂ ತರಹವೇ ಕಾಣುತ್ತವೆ. ನಿಮ್ಮ ಅಳತೆ ಸಣ್ಣದಾದರೆ ಅಂಗಡಿಯಲ್ಲಿ ಇಟ್ಟಿರುವುದು ಕಮ್ಮಿ, ತರಿಸಿಕೊಡಲು ಹೇಳಬೇಕಾಗುತ್ತದೆ. ಗಂಡಸರ ಆರು ನಂಬರ್‌ಗೆ ಎರಡು ಸಾಕ್ಸ್ ತುರುಕಿ ಹೊಂದಿಸಿಕೊಳ್ಳಿ ಅಂದರೆ ಒಪ್ಪಬೇಡಿ. ಹಿಮ್ಮಡಿ ಸಡಿಲವಾದ ಬೂಟು ಗಿಣ್ಣನ್ನು ಹಿಡಿಯುವುದೇ ಇಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಮಳೆಗಾಲದಲ್ಲಿ ಹಾಕುವ ಸಾಕ್ಸೇ ಹಾಕಿಕೊಂಡು ಹೋಗಿ ಅಳತೆ ನೋಡಿ.

ಇನ್ನು ವಾಟರ್‌ಪ್ರೂಫ್. ಗೋರ್‌ಟೆಕ್ಸ್‌ನಂಥ ಬೂಟುಗಳಲ್ಲಿ ಹೊರಚರ್ಮಕ್ಕೂ ಒಳ ಅಸ್ತರಿಗೂ ನಡುವೆ ತೆಳು ಪೊರೆಯೊಂದಿರುತ್ತದೆ. ಹೊರಗಿನ ನೀರನ್ನು ಅದು ಬಿಡುವುದಿಲ್ಲ, ಪಾದದ ಬೆವರನ್ನು ಆವಿಯಾಗಿ ಹೊರಗೆ ಕಳಿಸುತ್ತದೆ. ಇದರ ಲೆಕ್ಕಾಚಾರವೆಲ್ಲ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು ಅನ್ನುವುದರ ಮೇಲೆ ನಿಂತಿದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮದು, ಆಷಾಢದಲ್ಲಿ ಕಟ್ಟಿಟ್ಟ ಹಪ್ಪಳವೇ ಮೆತ್ತಗಾಗುವ ಊರು. ಹೊರಚರ್ಮ ಪೂರ್ತಿ ನೆನೆದ ಮೇಲೆ ಬೆವರು ಹೊರಗೆ ಹೋಗುವುದು ನಿಧಾನವಾಗುತ್ತದೆ. ಇನ್ನೂ ದೊಡ್ಡ ಕಷ್ಟ ಎಂದರೆ ಮೇಲಿನಿಂದ ಒಮ್ಮೆ ನೀರು ಒಳಗಿಳಿದರೆ ಅದೇ ಪೊರೆ ಅದನ್ನು ಹೊರಗೂ ಬಿಡುವುದಿಲ್ಲ. ಆ ಬೂಟು ಒಣಗಲು ಸಾಮಾನ್ಯ ಬೂಟಿಗಿಂತ ಹೆಚ್ಚು ಹೊತ್ತು ಬೇಕು.

ಹಾಗಂತ ಬೇಡ ಅನ್ನುವುದಿಲ್ಲ. ರೈನ್ ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಡುವ ಶಿಸ್ತಿದ್ದರೆ ವಾಟರ್‌ಪ್ರೂಫ್ ಬೂಟು ತಗೊಳ್ಳಿ. ಪ್ಯಾಂಟು ಬೂಟಿನೊಳಗೆ ತುರುಕುವವರಾದರೆ ಆ ದುಡ್ಡು ಉಳಿಸಿ, ಮಾಮೂಲಿ ಬೂಟಿಗೆ ಮೇಲಿನಿಂದ ಹಾಕುವ ರಬ್ಬರ್ ಮಳೆ ಕವಚ ತಗೊಳ್ಳಿ. ಅದರ ಅಡಿಯಲ್ಲಿ ಗೆರೆ ಆಳವಾಗಿರಬೇಕು. ನುಣುಪಾದದ್ದು ನಿಮ್ಮ ಕಾಲೇಜಿನ ಗ್ರಾನೈಟ್ ಮೆಟ್ಟಿಲ ಮೇಲೇ ಬೀಳಿಸುತ್ತದೆ.

ಒಣಗಿಸುವ ವಿಷಯ ಇದಕ್ಕಿಂತ ಮುಖ್ಯ. ಮಲೆನಾಡಿನಲ್ಲಿ ಎಲ್ಲರೂ ಮಾಡುವುದು ಒಂದೇ, ಬಚ್ಚಲ ಒಲೆಯ ಪಕ್ಕ ಇಡುವುದು. ಬಟ್ಟೆಗೆ ಸರಿ, ಬೂಟಿಗೆ ಆಗದು. ಬೆಂಕಿಯ ಕಾವಿಗೆ ಚರ್ಮ ಬಿರಿಯುತ್ತದೆ, ಅಟ್ಟೆಯ ಅಂಟು ಬಿಡುತ್ತದೆ. ಬಂದ ಕೂಡಲೇ ಒಳಗಿನ ಮೆತ್ತೆ ಹೊರಗೆ ತೆಗೆಯಿರಿ, ಹಳೇ ಪೇಪರ್ ಉಂಡೆ ಮಾಡಿ ಬೆರಳಿನವರೆಗೂ ತುಂಬಿ, ಮಲಗುವ ಮುಂಚೆ ಒಮ್ಮೆ ಬದಲಾಯಿಸಿ, ಫ್ಯಾನಿನ ಎದುರು ಓರೆಯಾಗಿ ನಿಲ್ಲಿಸಿ. ಬೂಸ್ಟು ಕಂಡರೆ ಒಣ ಬಟ್ಟೆಯಿಂದ ಹೊರಗಡೆಯೇ ಒರೆಸಿ, ಮನೆಯೊಳಗೆ ಕೊಡವಿದರೆ ಕಪಾಟಿಗೆಲ್ಲ ಹರಡುತ್ತದೆ. ಪೂರ್ತಿ ಒಣಗಿದ ಮೇಲೆ ಬೂಟಿನ ಮೇಣ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಸುರಿದು ಉಜ್ಜುವವರಿದ್ದಾರೆ. ಚರ್ಮ ಮೆತ್ತಗಾಗುವುದು ನಿಜ, ಆದರೆ ಬೂಟಿನ ಚರ್ಮ ಬಿಗಿಯಾಗಿಯೇ ಇರಬೇಕು.

ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದೇನೆ. ಕೈಯಲ್ಲಿ ಎರಡು ಸಾವಿರ ಇದೆ. ಸೀನಿಯರ್ ಒಬ್ಬರು ಐದು ವರ್ಷದ ಹಿಂದೆ ತಗೊಂಡ ರೈಡಿಂಗ್ ಬೂಟನ್ನು ಆ ದುಡ್ಡಿಗೆ ಕೊಡುತ್ತೇನೆ ಅಂತಿದ್ದಾರೆ. ಹಾಕಿದ್ದೇ ಕಮ್ಮಿ, ಹೊಸದರಂತೆಯೇ ಇದೆ. ತಗೊಳ್ಳಲಾ ಅಣ್ಣಾ?
*– ವಿದ್ಯಾರ್ಥಿ*

ಹಾಕಿದ್ದೇ ಕಮ್ಮಿ ಅನ್ನುವುದೇ ನನಗೆ ಅನುಮಾನ ತಂದ ಮಾತು ತಮ್ಮಾ. ಅಟ್ಟೆ ಯಾವುದರದ್ದು ಅಂತ ಕೇಳು. ಪಿಯು, ಅಂದರೆ ಪಾಲಿಯುರಿಥೇನ್ ಅಟ್ಟೆ ಹಗುರ, ಮೆತ್ತಗೆ, ಆದರೆ ಗಾಳಿಯ ತೇವಕ್ಕೆ ಒಳಗೊಳಗೇ ಮುರಿಯುತ್ತಾ ಹೋಗುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಅನ್ನುತ್ತಾರೆ. ಪೆಟ್ಟಿಗೆಯಲ್ಲಿಟ್ಟು ಹಾಕದೇ ಬಿಟ್ಟ ಬೂಟೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಕಡೆಯ ತೇವಕ್ಕಂತೂ ಬೇಗ. ಮೇಲೆ ಚರ್ಮ ಮಿರಿಮಿರಿ ಹೊಳೆಯುತ್ತಿರುತ್ತದೆ, ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಅಟ್ಟೆ ಪುಡಿಪುಡಿಯಾಗಿ ನೆಲಕ್ಕೆ ಉದುರುತ್ತದೆ. ಅಟ್ಟೆಯ ಮಗ್ಗುಲಿಗೆ ಉಗುರು ಒತ್ತಿ ನೋಡು. ಉಗುರಿನ ಗುರುತು ಹಾಗೇ ಉಳಿದರೆ, ಅಂಟಂಟಾಗಿದ್ದರೆ, ಬೂಟು ಬಗ್ಗಿಸಿದಾಗ ಕೂದಲೆಳೆಯ ಬಿರುಕು ಕಂಡರೆ ಸೀನಿಯರಿಗೆ ನಮಸ್ಕಾರ ಹೇಳಿ ಬಾ. ರಬ್ಬರ್ ಅಟ್ಟೆಯಾಗಿದ್ದು ನಿನ್ನ ಅಳತೆಗೆ ಸರಿಯಾಗಿದ್ದರೆ ಒಂದೂವರೆ ಸಾವಿರಕ್ಕೆ ಕೇಳು. ಅಂದಹಾಗೆ ಹೊಸ ಬೂಟು ತಗೊಳ್ಳುವವರೂ ಪೆಟ್ಟಿಗೆಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ರಿಯಾಯಿತಿ ಅಂತ ಕೊಡುವುದು ಕೆಲವೊಮ್ಮೆ ಗೋಡೌನಿನಲ್ಲಿ ಹಳತಾದ ಮಾಲು.

ಅದು ಆಗಲಿಲ್ಲ ಅಂದರೆ ಎರಡು ಸಾವಿರಕ್ಕೆ ಗಿಣ್ಣು ಮುಚ್ಚುವ ಚರ್ಮದ ಸೇಫ್ಟಿ ಬೂಟೋ, ಎನ್‌ಸಿಸಿಯವರು ಹಾಕುವಂಥ ಕಪ್ಪು ಬೂಟೋ ತಗೋ. ದಿನಾ ಹಾಕು. ಲೇಸು ಕಟ್ಟಿದ ಮೇಲೆ ಉಳಿದ ತುದಿಯನ್ನು ಬೂಟಿನೊಳಗೆ ಸಿಕ್ಕಿಸು, ಹೊರಗೆ ನೇತಾಡಿದರೆ ಗೇರ್ ಲಿವರಿಗೆ ಸುತ್ತಿಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ಕಾಲು ಕೊಡಲು ಹೋದಾಗ ಕಾಲು ಬರುವುದಿಲ್ಲ, ನಿಂತ ಬೈಕಿನ ಸಮೇತ ಮಲಗುತ್ತೀಯ. ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಹಾಗೆ ಮಲಗಿದವರನ್ನು ಎಬ್ಬಿಸಿದ್ದೇನೆ. ನೋವಿಗಿಂತ ನಾಚಿಕೆಯೇ ಹೆಚ್ಚು.

ಚಪ್ಪಲಿ ಹಾಕಿಕೊಂಡು ಬೈಕ್ ಓಡಿಸಿದರೆ ಪೊಲೀಸರು ದಂಡ ಹಾಕುತ್ತಾರಂತೆ, ಹೌದಾ?
*– ಓದುಗ, ರಿಪ್ಪನ್‌ಪೇಟೆ*

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದಾಗ ಹಬ್ಬಿದ ಸುದ್ದಿ ಇದು. ಚಪ್ಪಲಿಗೆ, ಲುಂಗಿಗೆ, ಅರ್ಧ ತೋಳಿನ ಅಂಗಿಗೆ ದಂಡ ಹಾಕುವ ನಿಯಮ ಅದರಲ್ಲಿಲ್ಲ ಅಂತ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಕಚೇರಿಯೇ ಆಗ ಸ್ಪಷ್ಟಪಡಿಸಿತ್ತು. ಹೆಲ್ಮೆಟ್ಟಿಗೆ ಕಾಯ್ದೆಯ 129ನೇ ಕಲಂ ಇದೆ, ಬೂಟಿಗೆ ಇಲ್ಲ. ದಂಡ ಇಲ್ಲ ಅಂತ ನಾನು ಬರೆದದ್ದನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ ಮತ್ತೆ.

ಏಳು ವರ್ಷದ ಮಗಳನ್ನು ಶಾಲೆಗೆ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಅವಳಿಗೂ ಬೂಟು ಬೇಕಾ?
*– ತಂದೆ, ತೀರ್ಥಹಳ್ಳಿ*

ಅವಳಿಗೆ ಬೂಟಿಗಿಂತ ಮೊದಲು ಬೈಕಿಗೆ ಸೀರೆ ಗಾರ್ಡ್ ಬೇಕು. ಬೈಕು ಗುಂಡಿಗೆ ಬಿದ್ದು ಕುಲುಕಿದಾಗ ಮಕ್ಕಳ ಪಾದ ಫುಟ್‌ರೆಸ್ಟಿನಿಂದ ಜಾರಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸಿಗುತ್ತದೆ, ಹಿಮ್ಮಡಿಯ ಚರ್ಮ ಹಿಂದಿನಿಂದ ಸುಲಿದುಹೋಗುತ್ತದೆ. ಮೂಳೆ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಗಾಯ ಇದು, ಮಾಯುವುದೂ ನಿಧಾನ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ತಡೆ, ಮೂರೂ ಇರಬೇಕು. ಹುಡುಗರು ಗಾಡಿ ತಂದ ವಾರಕ್ಕೇ ಚಂದ ಕಾಣಲ್ಲ ಅಂತ ಅದನ್ನು ಬಿಚ್ಚಿಸಲು ಬರುತ್ತಾರೆ. ನಾನು ಬಿಚ್ಚಿಕೊಡುವುದಿಲ್ಲ. ಬೇರೆ ಕಡೆ ಹೋಗಿ ಬಿಚ್ಚಿಸುತ್ತಾರೆ, ಅದು ಬೇರೆ ಮಾತು. ನಿಮ್ಮದರಲ್ಲೂ ಬಿಚ್ಚಿದ್ದರೆ ಈ ವಾರವೇ ಹಾಕಿಸಿ.

ಮಗಳ ಕಾಲು ಫುಟ್‌ರೆಸ್ಟಿಗೆ ಎಟಕುತ್ತದಾ ನೋಡಿ. ಎಟಕದಿದ್ದರೆ ಎತ್ತರದಲ್ಲಿ ಇನ್ನೊಂದು ಜೊತೆ ಕೂರಿಸಿಕೊಡುತ್ತಾರೆ. ಹಿಮ್ಮಡಿ ಮುಚ್ಚುವ ಶಾಲೆಯ ಶೂ ಸಾಕು, ಬೆಲ್ಟಿನ ಚಪ್ಪಲಿ ಬೇಡ. ಬಲಗಡೆ ಇಳಿಯಬೇಡ ಅಂತ ಅಭ್ಯಾಸ ಮಾಡಿಸಿ, ಸೈಲೆನ್ಸರ್ ಇರುವುದು ಅಲ್ಲೇ. ಎಲ್ಲಾದರೂ ಸುಟ್ಟುಕೊಂಡರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಡಿ. ಪೇಸ್ಟ್, ಅರಿಶಿನ, ಶಾಯಿ ಏನನ್ನೂ ಹಚ್ಚಬೇಡಿ. ಇನ್ನೂ ಸಣ್ಣ ಮಗು ಇರುವವರಿಗೆ ಒಂದು ಮಾತು: ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, ಹೆಲ್ಮೆಟ್, ಗಂಟೆಗೆ 40 ಕಿ.ಮೀ. ಮೀರದ ವೇಗ ಕಡ್ಡಾಯ. ನಿಯಮ 2023ರ ಫೆಬ್ರವರಿಯಿಂದಲೇ ಜಾರಿಯಲ್ಲಿದೆ.

ಬಿದ್ದು ಗಿಣ್ಣಿಗೆ ಪೆಟ್ಟಾದರೆ ತಕ್ಷಣ ಬೂಟು ಬಿಚ್ಚಬೇಕಾ, ಬೇಡವಾ? ನಮ್ಮ ಗುಂಪಿನಲ್ಲಿ ಇದೇ ಜಗಳ.
*– ಓದುಗ, ಕೊಪ್ಪ*

ರಕ್ತ ಸುರಿಯುತ್ತಿದ್ದರೆ ಬಿಚ್ಚಿ, ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಇಲ್ಲ, ಕಾಲು ಊರಲಾಗುತ್ತಿಲ್ಲ, ಆಸ್ಪತ್ರೆ ದೂರ ಅಂದಾಗ ಬಿಚ್ಚಬೇಡಿ. ಲೇಸು ಮಾತ್ರ ಸಡಿಲಿಸಿ. ಮೂಳೆ ಮುರಿದಿದ್ದರೆ ಆ ಬೂಟೇ ಆಸ್ಪತ್ರೆವರೆಗೆ ಆಧಾರ. ಬೆರಳು ಜೋಮು ಹಿಡಿಯಿತು, ತಣ್ಣಗಾಯಿತು ಅಂದರೆ ಇನ್ನೂ ಸಡಿಲಿಸಿ, ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ. ಅಲ್ಲೇ ಕೂತು ಕಾಲು ಎಳೆದು ಉಳುಕು ಬಿಡಿಸುವ ಗೆಳೆಯರನ್ನು ಹತ್ತಿರ ಬಿಡಬೇಡಿ.

ಹೊಸ ಬೂಟು ತಗೊಂಡೆ. ಬೆರಳಿನ ಕಡೆ ದಪ್ಪ ಇರುವುದರಿಂದ ಗೇರ್ ಲಿವರ್ ಅಡಿಗೆ ಹೋಗುವುದೇ ಇಲ್ಲ. ಬೂಟು ವಾಪಸ್ ಕೊಡಲಾ?
*– ಓದುಗ, ಶಿವಮೊಗ್ಗ*

ವಾಪಸ್ ಕೊಡಬೇಡಿ, ಲಿವರ್ ಎತ್ತರಿಸಿ. ಈ ತೊಂದರೆಯಿಂದ ಎಷ್ಟೋ ಒಳ್ಳೆಯ ಬೂಟುಗಳು ಕಪಾಟು ಸೇರಿವೆ.

ನಿಮ್ಮ ಗಾಡಿಯಲ್ಲಿ ಲಿವರಿಗೂ ಗೇರ್ ಶಾಫ್ಟಿಗೂ ನಡುವೆ ಕಡ್ಡಿ ಇದ್ದರೆ ಕೆಲಸ ಸುಲಭ. ಕಡ್ಡಿಯ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ಕಡ್ಡಿಯನ್ನೇ ತಿರುಗಿಸಬೇಕು. ಒಂದು ತುದಿಯ ನಟ್ಟಿನ ಮರೆ (ಥ್ರೆಡ್) ಉಲ್ಟಾ ಇರುತ್ತದೆ, ಬಿಚ್ಚುತ್ತಿಲ್ಲ ಅಂತ ಪೈಪ್ ಹಾಕಿ ಬಲ ಬಿಡಬೇಡಿ. ಅರ್ಧರ್ಧ ಸುತ್ತು ತಿರುಗಿಸುತ್ತಾ, ಬೂಟು ಹಾಕಿಕೊಂಡು ಗಾಡಿಯ ಮೇಲೆ ಕೂತು ನೋಡುತ್ತಾ ಹೋಗಿ. ಕಡ್ಡಿ ಇಲ್ಲದೆ ಲಿವರ್ ನೇರ ಶಾಫ್ಟಿಗೇ ಕೂತಿದ್ದರೆ, ಮೊದಲು ಶಾಫ್ಟಿಗೂ ಲಿವರಿಗೂ ಸೇರಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಬೋಲ್ಟು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು, ಅದು ಶಾಫ್ಟಿನ ಕಚ್ಚಿನಲ್ಲಿ ಕೂತಿರುತ್ತದೆ. ಲಿವರ್ ಎಳೆದು ಒಂದೇ ಒಂದು ಹಲ್ಲು ಮೇಲಕ್ಕೆ ಕೂರಿಸಿ. ಎರಡು ಹಲ್ಲು ಎತ್ತಿದರೆ ಗೇರ್ ಇಳಿಸುವಾಗ ಗಿಣ್ಣೇ ಎತ್ತಬೇಕಾಗುತ್ತದೆ. ಹಿಂದೆ–ಮುಂದೆ ಎರಡೂ ಕಡೆ ಒತ್ತುವ ಲಿವರಾದರೆ ಮುಂದಿನದು ಮೇಲೆದ್ದಷ್ಟೂ ಹಿಂದಿನದು ಇಳಿಯುತ್ತದೆ, ಅದು ಫುಟ್‌ರೆಸ್ಟಿಗೆ ತಾಗುತ್ತದಾ ನೋಡಿ. ಹಳೇ ಬುಲೆಟ್ಟಿನವರು ಇದನ್ನೆಲ್ಲ ಬಲಗಾಲಿಗೆ ಓದಿಕೊಳ್ಳಿ, ನಿಮ್ಮ ಗೇರು ಅಲ್ಲಿದೆ.

ಬ್ರೇಕ್ ಪೆಡಲ್ಲನ್ನೂ ನೋಡಬೇಕು. ದಪ್ಪ ಅಟ್ಟೆಯ ಬೂಟಿನಲ್ಲಿ ಪಾದ ಸುಮ್ಮನೆ ಇಟ್ಟಿದ್ದರೂ ಪೆಡಲ್ ಸ್ವಲ್ಪ ಒತ್ತಿರುತ್ತದೆ, ಸವಾರನಿಗೆ ತಿಳಿಯುವುದಿಲ್ಲ. ಹತ್ತು ಕಿ.ಮೀ. ಓಡಿಸಿ ಬಂದು ಹಿಂದಿನ ಡ್ರಮ್ಮಿನ ಹತ್ತಿರ ಕೈ ಹಿಡಿಯಿರಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಕಾವು ಹೊಡೆದರೆ ಪೆಡಲ್ ಒಂಚೂರು ತಗ್ಗಿಸಿ. ಪೆಡಲ್ ತಗ್ಗಿಸಿದಾಗ ಬ್ರೇಕ್ ಲೈಟಿನ ಸ್ವಿಚ್ಚೂ ತಪ್ಪುತ್ತದೆ, ಆದ್ದರಿಂದ ಗೋಡೆಗೆ ಹಿಂಬದಿ ಮಾಡಿ ಗಾಡಿ ನಿಲ್ಲಿಸಿ, ಒತ್ತಿದ ಕೂಡಲೇ ಗೋಡೆಯ ಮೇಲೆ ಕೆಂಪು ಬರುತ್ತದಾ ನೋಡಿಕೊಳ್ಳಿ. ತಡವಾಗಿ ಬಂದರೆ ಸ್ವಿಚ್ಚಿನ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುಗಿಸಿ ಮೇಲೆತ್ತಿ. ಸ್ಪ್ಯಾನರ್ ಹಾಕಿದರೆ ಅದು ಒಡೆಯುತ್ತದೆ.